ಒಡಲಿಲ್ಲದ ಪ್ರಶ್ನೆಗಳು

ಕೋಲಾರದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ ಕಟ್ಟೊಂದು ಈಗ ನನ್ನ ಮೇಜಿನ ಮೇಲಿದೆ. ಇನ್ನೂರಕ್ಕೂ ಹೆಚ್ಚು ಪುಟ. ಬರೆದವರ ಹೆಸರಿಲ್ಲ, ಅಚ್ಚು ಹಾಕಿಸಿದವರ ವಿಳಾಸವಿಲ್ಲ. ವಿದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದು ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ ಬರೆಯುವ ಮಕ್ಕಳ ನಡುವೆ ಇಂಥ ಕಟ್ಟಿಗೆ ಇರುವ ಮರ್ಯಾದೆ ಪಠ್ಯಪುಸ್ತಕಗಳಾದ ಹ್ಯಾರಿಸನ್‌ಗೂ ಇಲ್ಲ, ಪಾರ್ಕ್‌ಗೂ ಇಲ್ಲ. ಇದರ ಹೆಸರು ರೀಕಾಲ್. ಹಿಂದಿನ ಸರದಿಗಳಲ್ಲಿ ಪರೀಕ್ಷೆ ಬರೆದವರು ಹೊರಗೆ ಬಂದು ನೆನಪಿನಿಂದ ಒಪ್ಪಿಸಿದ ಪ್ರಶ್ನೆಗಳ ಸಂಗ್ರಹ. ಪರೀಕ್ಷೆಗೆ ಆರು ವಾರ ಉಳಿದಾಗ ಸುಗಟೂರಿನ ನನ್ನ ಅಕ್ಕನ ಮಗಳು ಇದನ್ನು ತೋರಿಸಿ, "ಇದೊಂದು ಎರಡ್ ಸಲ ತಿರುವಿದ್ರೆ ಸಾಕಂತೆ ಮಾಮ, ಬೇರೆ ಏನೂ ಬೇಡ್ವಂತೆ" ಅಂದಳು.

ಆ "ಸಾಕಂತೆ" ಎಂಬ ಮಾತೇ ಈ ಬರಹಕ್ಕೆ ಕಾರಣ. ಕೊನೆಯ ವಾರಗಳಲ್ಲಿ ಯಾವ ಪ್ರಶ್ನೆಗಳನ್ನು ಬಿಡಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯೂ ಒಂದು ಓದಿನ ಪದ್ಧತಿ. ಕಾವ್ಯವನ್ನೋ ನಾಟಕವನ್ನೋ ಪರೀಕ್ಷಿಸುವ ಹಾಗೆ ಅದನ್ನೂ ಪರೀಕ್ಷಿಸಬಹುದು. ನನ್ನ ತೀರ್ಮಾನವನ್ನು ಮುಚ್ಚಿಡುವುದಿಲ್ಲ: ರೀಕಾಲ್ ಕಟ್ಟಿನ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಕೊನೆಯ ಆರು ವಾರಗಳನ್ನು ಅದಕ್ಕೆ ಒಪ್ಪಿಸುವುದು ನಷ್ಟದ ಬಾಬ್ತು.

ಪರೀಕ್ಷೆಯ ಪರಿಚಯ ಇದನ್ನು ಓದುವವರಿಗೆ ಹೆಚ್ಚು ಬೇಕಿಲ್ಲ. 2002ರಿಂದ ನಡೆದುಬಂದ, ವರ್ಷಕ್ಕೆ ಎರಡು ಸಲ ಬರುವ, 300 ಪ್ರಶ್ನೆಗಳ, 150 ಬಂದರೆ ಪಾಸಾಗುವ, ತಪ್ಪಿಗೆ ಅಂಕ ಕಳೆಯದ ಪರೀಕ್ಷೆ. ಇದನ್ನು ದಾಟದೆ ಇಲ್ಲಿ ಇಂಟರ್ನ್‌ಶಿಪ್ ಇಲ್ಲ, ನೋಂದಣಿ ಇಲ್ಲ. ಇದರ ಜಾಗಕ್ಕೆ ನೆಕ್ಸ್ಟ್ ಎಂಬ ಪರೀಕ್ಷೆ ಬರುತ್ತದೆಂದು 2019ರ ವೈದ್ಯಕೀಯ ಆಯೋಗದ ಕಾಯಿದೆಯಿಂದಲೂ ಹೇಳುತ್ತಿದ್ದಾರೆ. 2023ರ ಜುಲೈನಲ್ಲಿ ಅದನ್ನು ಮತ್ತೆ ಮುಂದಕ್ಕೆ ಹಾಕಿದರು. ಇಲ್ಲಿ ಮುಖ್ಯವಾದ ಸಂಗತಿ ಒಂದೇ. ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿ ಪ್ರಶ್ನೆಪತ್ರಿಕೆಯನ್ನು ಯಾವತ್ತೂ ಹೊರಗೆ ಬಿಡುವುದಿಲ್ಲ. ಒಳಗೆ ಕಂಡ ಪ್ರಶ್ನೆಯನ್ನು ಹೊರಗೆ ಹೇಳುವುದಿಲ್ಲ ಎಂದು ಅಭ್ಯರ್ಥಿಗಳು ಒಪ್ಪಿಕೊಂಡೇ ಕೂರುತ್ತಾರೆ. ಆ ಒಪ್ಪಂದ ಮುರಿದ ದಿನವೇ ರೀಕಾಲ್ ಹುಟ್ಟುತ್ತದೆ. ಅದರ ನೈತಿಕತೆಯ ಬಗ್ಗೆ ಒಂದು ಮಾತು ಮುಂದೆ ಹೇಳುತ್ತೇನೆ. ಮೊದಲು ವಸ್ತುವನ್ನೇ ನೋಡೋಣ.

ಕಟ್ಟಿನ ನಡುವೆ, ಸಮುದಾಯ ವೈದ್ಯಶಾಸ್ತ್ರದ ಭಾಗದಲ್ಲಿ, ಹುಡುಗರ ಬಾಯಲ್ಲಿ ಪಿಎಸ್‌ಎಂ ಅನ್ನುವ ವಿಷಯದಲ್ಲಿ, ಒಂದು ಸಾಲು ಇದೆ. ಕನ್ನಡಕ್ಕೆ ತಂದರೆ ಇಷ್ಟು: "ಹಳ್ಳಿ, ಮಕ್ಕಳ ಹಲ್ಲು, ನೀರಲ್ಲಿ ಫ್ಲೋರೈಡ್ ಎಷ್ಟು? ಉತ್ತರ 1.5 (1 ಅಂತಲೂ ಹೇಳ್ತಾರೆ)". ನಾಲ್ಕು ಆಯ್ಕೆಗಳಿಲ್ಲ. ಪಕ್ಕದಲ್ಲಿ ಎರಡು ನಕ್ಷತ್ರ, ಅಂದರೆ ಎರಡು ಸಲ ಬಂದಿದೆ ಎಂಬ ಸೂಚನೆ. ಇದು ನಿಜಕ್ಕೂ ಪರೀಕ್ಷೆಯಲ್ಲಿ ಬಂದಿತ್ತೋ ಇಲ್ಲವೋ ಹೇಳಬಲ್ಲವರು ಯಾರೂ ಇಲ್ಲ. ಬಂದಿತ್ತು ಎಂದೇ ಒಪ್ಪಿಕೊಂಡು, ಈ ಒಂದು ಸಾಲನ್ನು ಸಾವಕಾಶವಾಗಿ ಓದೋಣ.

ಹಲ್ಲಿಗೆ ಏನಾಗಿತ್ತು? ಸಾಲು ಹೇಳುವುದಿಲ್ಲ. ಹುಳುಕಾಗಿತ್ತೋ, ಬಿಳಿ ಮಚ್ಚೆ ಕಂದು ಪಟ್ಟೆ ಬಿದ್ದಿತ್ತೋ? ಇವೆರಡೂ ಫ್ಲೋರೈಡಿನ ಎರಡು ತುದಿಗಳು. ನೀರಿನಲ್ಲಿ ಫ್ಲೋರೈಡ್ ಕಡಿಮೆಯಾದರೆ, ಲೀಟರಿಗೆ 0.5 ಮಿಲಿಗ್ರಾಂಗಿಂತ ಕೆಳಗಿಳಿದರೆ, ಹಲ್ಲು ಹುಳುಕಾಗುವ ಸಂಭವ ಹೆಚ್ಚು. ಹೆಚ್ಚಾದರೆ ಪಟ್ಟೆ. ಪ್ರಶ್ನೆ ಹುಳುಕಿನ ಬಗ್ಗೆ ಇದ್ದಿದ್ದರೆ, ನೀರಿನಲ್ಲಿ ಎಷ್ಟಿರಬೇಕು ಎಂಬುದಕ್ಕೆ ಪಾರ್ಕ್ ಕೊಡುವ ಉತ್ತರ 0.5ರಿಂದ 0.8. ಅಲ್ಲಿ 1.5 ಅಂತ ಗುರುತು ಹಾಕಿದವರು ಅಂಕ ಕಳೆದುಕೊಂಡರು. "ಹಲ್ಲು" ಎಂಬ ಒಂದು ಪದ ಉಳಿಸಿಕೊಂಡು ಅದರ ಮುಂದಿನ ಪದವನ್ನು ಮರೆತದ್ದರಿಂದ ಪ್ರಶ್ನೆಯ ದಿಕ್ಕೇ ಹೋಯಿತು.

ಸರಿ, ಪಟ್ಟೆ ಎಂದೇ ಇಟ್ಟುಕೊಳ್ಳೋಣ. "ಎಷ್ಟು?" ಎಂದರೆ ಏನು ಕೇಳಿದ್ದು? ಭಾರತೀಯ ಮಾನಕ ಐಎಸ್ 10500 ಒಪ್ಪಬಹುದಾದ ಮಿತಿಯನ್ನು 1 ಮಿಲಿಗ್ರಾಂ ಎನ್ನುತ್ತದೆ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟವೂ 1.5. ಹಲ್ಲಿನ ಫ್ಲೋರೋಸಿಸ್ ಕಾಣಿಸತೊಡಗುವುದು 1.5 ದಾಟಿದ ಮೇಲೆ. ಮೂಳೆಯ ಫ್ಲೋರೋಸಿಸ್‌ಗೆ ಪಾರ್ಕ್ ಕೊಡುವ ಅಂಕಿ 3ರಿಂದ 6, ಮೂಳೆ ಬಾಗಿ ಅಂಗವಿಕಲರಾಗುವ ಹಂತಕ್ಕೆ 10ಕ್ಕಿಂತ ಮೇಲೆ. ಆವರಣದಲ್ಲಿ "1 ಅಂತಲೂ ಹೇಳ್ತಾರೆ" ಎಂದು ಬರೆದವರು ಅದನ್ನು ಉತ್ತರದ ಬಗೆಗಿನ ಭಿನ್ನಾಭಿಪ್ರಾಯ ಎಂದುಕೊಂಡಿದ್ದಾರೆ. ಭಿನ್ನಾಭಿಪ್ರಾಯ ಎಲ್ಲಿಂದ ಬಂತು? ಅವು ಎರಡು ಬೇರೆ ಬೇರೆ ಪ್ರಶ್ನೆಗಳ ಎರಡು ಸರಿಯುತ್ತರಗಳು. ಪ್ರಶ್ನೆಯ ಒಡಲಿನಲ್ಲಿ "ಬೇರೆ ಮೂಲವಿಲ್ಲದಿದ್ದರೆ" ಎಂಬ ಮಾತು ಇತ್ತೋ ಇಲ್ಲವೋ ಎಂಬುದರ ಮೇಲೆ ಉತ್ತರ ನಿಂತಿದೆ. ನೆನಪಿಸಿಕೊಂಡವರು ಬಿಟ್ಟದ್ದು ಆ ಮಾತನ್ನೇ.

ಇನ್ನೂ ಒಂದು ಮೆಟ್ಟಿಲು ಇಳಿಯೋಣ. "ಮಕ್ಕಳ" ಎಂದಿದೆ. ಎಷ್ಟು ವಯಸ್ಸಿನ ಮಕ್ಕಳು? ಹಲ್ಲಿನ ಫ್ಲೋರೋಸಿಸ್ ಬರುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವ ಕಾಲದಲ್ಲಿ, ಹುಟ್ಟಿದಾಗಿನಿಂದ ಸುಮಾರು ಏಳು ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಒಳಗೆ ಹೋದರೆ. ಎದ್ದು ಕಾಣುವುದು ಮೇಲಿನ ಸಾಲಿನ ಮುಂಬಲ್ಲುಗಳಲ್ಲಿ. ಬೆಳೆದ ಮೇಲೆ ಎಂಥ ನೀರು ಕುಡಿದರೂ, ಬಂದುಬಿಟ್ಟ ಹಲ್ಲಿಗೆ ಹೊಸದಾಗಿ ಈ ಪಟ್ಟೆ ಮೂಡುವುದಿಲ್ಲ. ಆಗ ಹೊಡೆತ ಮೂಳೆಗೆ. ಒಳ್ಳೆಯ ಪ್ರಶ್ನೆ ಬರೆಯುವವರು ವಯಸ್ಸನ್ನು ಸುಮ್ಮನೆ ಬರೆಯುವುದಿಲ್ಲ. ವಯಸ್ಸು, ಊರು, ಎಷ್ಟು ವರ್ಷದಿಂದ ಆ ನೀರು, ಹಲ್ಲೋ ಮೊಣಕಾಲೋ ಬೆನ್ನೋ: ಈ ವಿವರಗಳೇ ಉತ್ತರವನ್ನು ತೀರ್ಮಾನಿಸುತ್ತವೆ. ರೀಕಾಲ್ ಸಾಲಿನಲ್ಲಿ ಇವೆಲ್ಲ ಉದುರಿ "1.5" ಎಂಬ ಗಟ್ಟಿ ಬೀಜವೊಂದು ಮಿಕ್ಕಿದೆ.

ಇನ್ನು ಕೊನೆಗೆ, ಅದು ಫ್ಲೋರೈಡ್ ತೆಗೆಯುವ ವಿಧಾನದ ಪ್ರಶ್ನೆಯೂ ಆಗಿದ್ದಿರಬಹುದು. ಸುಣ್ಣ, ಆಲಂ ಹಾಕಿ ಕಲಕಿ ತಿಳಿಯಾಗಲು ಬಿಡುವ ನಲ್ಗೊಂಡ ವಿಧಾನ, ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು, ಪಿಎಸ್‌ಎಂ ಓದಿದವರಿಗೆಲ್ಲ ಗೊತ್ತು. ಒಂದು ಸಾಲಿನಿಂದ ಆರು ಪ್ರಶ್ನೆಗಳು ಹೊರಟವು, ಆರಕ್ಕೂ ಬೇರೆ ಬೇರೆ ಉತ್ತರ. ಕಟ್ಟಿನಲ್ಲಿ ಮಾತ್ರ ಒಂದೇ.

ಈ ಸಾಲನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಫ್ಲೋರೈಡು ನಮ್ಮ ಕೋಲಾರ ಸೀಮೆಯ ಮನೆ ಮಾತು. ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿ, ಕಲ್ಲಿನೊಳಗಿಂದ ಬಂದ ನೀರು ಕುಡಿದ ತಲೆಮಾರು ನಮ್ಮದು. ಹಳ್ಳಿ ಹಳ್ಳಿಗೆ ಶುದ್ಧ ನೀರಿನ ಘಟಕ ಬಂದದ್ದು, ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ಹೊತ್ತು ತಂದದ್ದು ಇದೇ ಕಾರಣಕ್ಕೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಈ ಕಡೆ ಎಷ್ಟು ವಾದ ನಡೆಯಿತೆಂದು ನೆನಪಿರುವವರಿಗೆ, ಕುಡಿಯುವ ನೀರು, ಅಂತರ್ಜಲ, ಮಿತಿ ಎಂಬ ಪದಗಳು ಪುಸ್ತಕದಿಂದ ಬಂದವಲ್ಲ. ಸುಗಟೂರು ಹೋಬಳಿಯಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಪೂರ್ತಿ ಒಡಲಿನ ಪ್ರಶ್ನೆ ಕೊಟ್ಟರೆ ಅವಳು ತನ್ನ ಅಜ್ಜಿಯ ಮೊಣಕಾಲು, ಜೊತೆಯಲ್ಲಿ ಓದಿದ ಹುಡುಗಿಯ ಹಲ್ಲು, ಮನೆ ಮುಂದಿನ ಕ್ಯಾನು ಇವುಗಳಿಂದಲೇ ಉತ್ತರದ ಹತ್ತಿರ ಬರಬಲ್ಲಳು. ಆ ತಿಳಿವಳಿಕೆ ಅವಳಿಗೆ ಹುಟ್ಟಿನಿಂದ ಬಂದ ಆಸ್ತಿ. ರೀಕಾಲ್ ಸಾಲು ಅದನ್ನು ಮುಟ್ಟುವುದೇ ಇಲ್ಲ. ಅವಳ ಕೈಗೆ ಒಂದು ದಶಮಾಂಶ ಕೊಟ್ಟು ಮುಂದಿನ ಪುಟಕ್ಕೆ ಕಳಿಸುತ್ತದೆ.

ರೀಕಾಲ್ ಹೀಗೇಕೆ ಆಗುತ್ತದೆ ಎಂದು ಯೋಚಿಸಿದರೆ ನೆನಪಿಸಿಕೊಂಡವರ ಮೇಲೆ ಸಿಟ್ಟು ಬರುವುದಿಲ್ಲ. ದಿನವಿಡೀ 300 ಪ್ರಶ್ನೆ ಓದಿ ಹೊರಗೆ ಬಂದ ಹುಡುಗನ ತಲೆಯಲ್ಲಿ ಏನು ಉಳಿಯುತ್ತದೆ? ತೀರಾ ಸುಲಭವಾಗಿ ಕಂಡದ್ದು ಉಳಿಯುತ್ತದೆ, ಬೆಚ್ಚಿಬೀಳಿಸಿದ್ದು ಉಳಿಯುತ್ತದೆ. ಚಿತ್ರವಿದ್ದ ಪ್ರಶ್ನೆ ಉಳಿಯುತ್ತದೆ, ಕೇಳರಿಯದ ಸಿಂಡ್ರೋಮಿನ ಹೆಸರು ಉಳಿಯುತ್ತದೆ. ಎರಡು ಆಯ್ಕೆಗಳ ನಡುವೆ ತೂಗಿ, ಯಾವುದೋ ಒಂದನ್ನು ಒತ್ತಿ ಮುಂದೆ ಹೋದ ಸಾಧಾರಣ ಪ್ರಶ್ನೆ ಉಳಿಯುವುದಿಲ್ಲ. ಪಾಸು ಫೇಲು ತೀರ್ಮಾನವಾಗುವುದು ಆ ನಡುವಿನ ಪ್ರಶ್ನೆಗಳಲ್ಲಿ. 130ರಲ್ಲೋ 145ರಲ್ಲೋ ನಿಂತುಬಿಡುವ ಮಕ್ಕಳಿಗೆ ಸುಲಭದ ಪ್ರಶ್ನೆಗಳು ಹೇಗೂ ಬಂದಿರುತ್ತವೆ. ಬೆಚ್ಚಿಬೀಳಿಸಿದ್ದು ಪಾಸಾದವರಿಗೂ ಬಂದಿರುವುದಿಲ್ಲ. ಯಾರೂ ನೆನಪಿಡದ ನಡುವಿನ ರಾಶಿಯಲ್ಲಿ ಅವರು ಸೋತಿರುತ್ತಾರೆ. ಆ ರಾಶಿಯೇ ಇಲ್ಲದ ಪುಸ್ತಕವನ್ನು ಅವರಿಗೆ ಮದ್ದು ಎಂದು ಕೊಡುತ್ತಿದ್ದೇವೆ.

ಲೆಕ್ಕದಲ್ಲೂ ನೋಡಬಹುದು. ನಾಲ್ಕು ಆಯ್ಕೆ, ತಪ್ಪಿಗೆ ಕಡಿತವಿಲ್ಲ. ಒಬ್ಬಳಿಗೆ 90 ಪ್ರಶ್ನೆ ಖಚಿತವಾಗಿ ಗೊತ್ತು ಎಂದುಕೊಳ್ಳಿ. ಉಳಿದ 210ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 52 ಬರುತ್ತದೆ. ಒಟ್ಟು 142, ಫೇಲ್. ಅದೇ 210ರಲ್ಲಿ ಪ್ರತಿಯೊಂದರಲ್ಲೂ ಒಂದೇ ಒಂದು ತಪ್ಪು ಆಯ್ಕೆಯನ್ನು ಗುರುತಿಸಿ ಪಕ್ಕಕ್ಕೆ ತಳ್ಳಿ, ಮಿಕ್ಕ ಮೂರರಲ್ಲಿ ಊಹಿಸಿದರೆ 70. ಒಟ್ಟು 160, ಪಾಸ್. ಹೊಸದಾಗಿ ಒಂದು ಸಂಗತಿಯನ್ನೂ ಬಾಯಿಪಾಠ ಮಾಡದೆ ಹದಿನೆಂಟು ಅಂಕ ಏರಿದವು. ಆಯ್ಕೆಗಳನ್ನು ತೂಗುವ ಈ ಚಾಕಚಕ್ಯತೆಯೇ ಕೊನೆಯ ವಾರಗಳಲ್ಲಿ ಬೆಳೆಸಬಹುದಾದ ಗುಣ. ಆಯ್ಕೆಗಳೇ ಇಲ್ಲದ ಪುಸ್ತಕದಿಂದ ಅದು ಹೇಗೆ ಬರಬೇಕು?

ಹಾಗಾದರೆ "ಅರ್ಧಕ್ಕರ್ಧ ರೀಕಾಲಿಂದಲೇ ಬಂತು" ಎಂಬ ಮಾತು ಪ್ರತಿ ಸರದಿಯ ನಂತರವೂ ಕೇಳುವುದೇಕೆ? ಈ ಮಾತನ್ನು ಅಳೆಯುವವರು ಯಾರೆಂದು ನೋಡಿ. ನಿಜವಾದ ಪತ್ರಿಕೆ ಯಾರ ಕೈಯಲ್ಲೂ ಇಲ್ಲ. ಹಿಂದಿನ ಪತ್ರಿಕೆಯನ್ನು ನೆನಪಿನಿಂದ ಕಟ್ಟಿದವರು, ಈ ಸಲದ ಪತ್ರಿಕೆಯನ್ನೂ ನೆನಪಿನಿಂದ ಕಟ್ಟುತ್ತಾರೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಕೆ ಇದೆ ಎನ್ನುತ್ತಾರೆ. ರೀಕಾಲ್ ಓದಿ ಹೋದವರ ಕಣ್ಣಿಗೆ ಅದರಲ್ಲಿದ್ದದ್ದೇ ಮೊದಲು ಬೀಳುತ್ತದೆ, ಹೊರಗೆ ಬಂದಾಗ ಅದೇ ಮೊದಲು ನೆನಪಾಗುತ್ತದೆ, ಅರ್ಧ ಮರೆತ ಪ್ರಶ್ನೆಗೆ ಹಳೆಯ ಸಾಲಿನ ರೂಪವೇ ಬಂದು ಅಂಟಿಕೊಳ್ಳುತ್ತದೆ. ಬಟ್ಟೆ ನೇಯ್ದವರ ಮನೆಯಲ್ಲೇ ಅಳತೆಗೋಲೂ ತಯಾರಾದರೆ ಅಳತೆಗೆ ಬೆಲೆ ಎಲ್ಲಿ?

ರೀಕಾಲಿನ ಪರವಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ಯಾವ ವಿಷಯದಿಂದ ಯಾವ ಮೂಲೆಗಳನ್ನು ಕೇಳುತ್ತಾರೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ವಿದೇಶದಲ್ಲಿ ಓದಿ, ನಮ್ಮ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳ ಹೆಸರನ್ನೇ ಕೇಳದ ಮಕ್ಕಳಿಗೆ ಅದೂ ಒಂದು ದಾರಿಗಲ್ಲು. ಒಂದು ಮಧ್ಯಾಹ್ನ ಕೂತು ತಲೆಬರಹಗಳನ್ನು ಪಟ್ಟಿ ಮಾಡಿಕೊಳ್ಳಲು ಅದನ್ನು ಬಳಸಲಿ. ಒಂದು ಮಧ್ಯಾಹ್ನ ಸಾಕು.

ನೈತಿಕತೆಯ ಮಾತು. ಇದು ನಮ್ಮ ಮಕ್ಕಳ ಚಾಳಿ ಮಾತ್ರ ಎಂದು ಯಾರೂ ತಿಳಿಯಬೇಕಿಲ್ಲ. ಅಮೆರಿಕದ ರೇಡಿಯಾಲಜಿ ಕಲಿಯುತ್ತಿದ್ದ ವೈದ್ಯರೇ ಬೋರ್ಡ್ ಪರೀಕ್ಷೆಗೆ ರೀಕಾಲ್ ಬಳಸುತ್ತಿದ್ದರೆಂದು 2012ರಲ್ಲಿ ಸಿಎನ್‌ಎನ್ ಬಯಲು ಮಾಡಿತು. 2024ರ ಜನವರಿಯಲ್ಲಿ ಅಲ್ಲಿನ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ, ನೇಪಾಳದ ನಂಟಿದ್ದ ಎಂಟುನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಶ್ನೆಗಳನ್ನು ಮೊದಲೇ ತಿಳಿದಿದ್ದರೆಂಬ ಅನುಮಾನದ ಮೇಲೆ ಅವರ ಅಂಕಗಳನ್ನು ಅಸಿಂಧು ಎಂದಿತು. ಅಂಥ ಅನುಮಾನ ಬಂದಾಗ ಪ್ರಾಮಾಣಿಕರಾಗಿ ಓದಿದವರೂ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಾತು ಕೊಟ್ಟು ಮುರಿದ ಸರಕಿನಿಂದ ವೈದ್ಯವೃತ್ತಿ ಶುರುವಾಗುವುದು ನನಗೆ ಒಪ್ಪಿಗೆಯಿಲ್ಲ.

ಈಗ ನನ್ನ ಜೊತೆಗಾರ ವಿಮರ್ಶಕರ ಕಡೆ ತಿರುಗಬೇಕು. ರೀಕಾಲ್ ವಿರೋಧಿಸುವವರಲ್ಲಿ ಎರಡು ಪಕ್ಷಗಳಿವೆ, ಎರಡರ ಜೊತೆಗೂ ನನಗೆ ಜಗಳವಿದೆ.

ಮೊದಲನೆಯವರು ಹಳೆಯ ಮೇಷ್ಟ್ರುಗಳು. ಎಂಸಿಕ್ಯೂ ಎಂಬುದೇ ವಿದ್ಯೆಯ ಶತ್ರು, ಕೊನೆಯ ವಾರಗಳಲ್ಲಿ ಪ್ರಶ್ನೆ ಬಿಡಿಸುವುದನ್ನೇ ನಿಲ್ಲಿಸಿ ನೋಟ್ಸ್ ಓದಿ ಎನ್ನುವವರು. ಅವರ ಮೇಲೆ ಗೌರವವಿದೆ. ಆದರೆ ಓದುವುದರಿಂದಲೇ ಓದಿದ್ದು ನಿಲ್ಲುತ್ತದೆ ಎಂಬ ಅವರ ನಂಬಿಕೆ ಪರೀಕ್ಷೆಗೆ ನಿಲ್ಲುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಈಗ ಪ್ರಸಿದ್ಧ. ಒಂದು ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡವರು ಮುಂದಿದ್ದರು. ಆರು ವಾರ ಕೈಯಲ್ಲಿದ್ದಾಗ ಪ್ರಶ್ನೆ ಬಿಡಿಸಲೇಬೇಕು ಎಂಬುದಕ್ಕೆ ಇದು ಆಧಾರ. ಕೊನೆಯ ದಿನ ನೋಟ್ಸ್ ಓದಿಕೊಳ್ಳಿ ಎಂಬುದಕ್ಕೂ ಆಧಾರ ಇದರೊಳಗೇ ಇದೆ; ಮೇಷ್ಟ್ರುಗಳು ಅಷ್ಟರ ಮಟ್ಟಿಗೆ ಸರಿ.

ಎರಡನೆಯವರ ಮೇಲೆ ನನಗೆ ಗೌರವ ಕಡಿಮೆ. ಇವರು ಫಲಿತಾಂಶದ ದಿನ ಮಾತ್ರ ಬಾಯಿ ತೆರೆಯುತ್ತಾರೆ. 2025ರ ಜುಲೈ 26ರ ಪರೀಕ್ಷೆಯಲ್ಲಿ 36,034 ಜನ ಕೂತು 6,707 ಜನ ಪಾಸಾದರು ಎಂದು ಬಂದಾಗ, "ದುಡ್ಡು ಕೊಟ್ಟು ಓದಿದವರು, ರೀಕಾಲ್ ನಂಬಿದವರು, ಇನ್ನೇನಾದೀತು" ಎಂದು ಷರಾ ಬರೆದರು. ನೂರಕ್ಕೆ ಹತ್ತೊಂಬತ್ತೂ ಇಲ್ಲ, ನಿಜ. ಆದರೆ ಆ ಮಕ್ಕಳು ಯಾರು? 2022ರ ಮಾರ್ಚ್ ಒಂದರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ ಹಾವೇರಿ ಜಿಲ್ಲೆಯ ಹುಡುಗನ ಸುದ್ದಿ ಬಂದ ದಿನ ಇಡೀ ಕರ್ನಾಟಕ ಕೇಳಿತ್ತು: ನಮ್ಮ ಹಳ್ಳಿಯ ಮಕ್ಕಳು ವೈದ್ಯರಾಗಲು ಅಷ್ಟು ದೂರ ಏಕೆ ಹೋಗಬೇಕು? ಉತ್ತರ ಎಲ್ಲರಿಗೂ ಗೊತ್ತಿತ್ತು. ಇಲ್ಲಿನ ಸರ್ಕಾರಿ ಸೀಟು ಸಿಗಲಿಲ್ಲ, ಖಾಸಗಿ ಸೀಟಿನ ದುಡ್ಡು ಇರಲಿಲ್ಲ. ಕೋಲಾರದ ಟಮಕದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ, ಸುಗಟೂರಿನಿಂದ ಬಹಳ ದೂರವೇನಿಲ್ಲ. ಆದರೆ ರೇಷ್ಮೆ ಹುಳು ಸಾಕುವ ಮನೆಯ ಹುಡುಗಿಗೆ ಅದಕ್ಕಿಂತ ಜಾರ್ಜಿಯಾ ಹತ್ತಿರವಾಯಿತು. ಅಂದು ಮರುಗಿದವರೇ ಫಲಿತಾಂಶದ ದಿನ ಹೀಗಳೆಯುತ್ತಾರೆ. ಐದಾರು ವರ್ಷ ಪರದೇಶದಲ್ಲಿ, ರೋಗಿಯ ಭಾಷೆ ಬಾರದ ವಾರ್ಡಿನಲ್ಲಿ ಕಲಿತು ಬಂದವರಿಗೆ ಇಲ್ಲಿ ದಾರಿ ತೋರಿಸುವವರು ಯಾರಿದ್ದಾರೆ? ದಾರಿ ತೋರಿಸುವವರಿಲ್ಲದ ಕಡೆ ಜೆರಾಕ್ಸ್ ಕಟ್ಟು ಗುರುವಾಗುತ್ತದೆ. ಮಕ್ಕಳನ್ನು ಬಯ್ಯುವವರು ಆ ಕಟ್ಟನ್ನು ಒಂದು ಸಲವೂ ತೆರೆದು ನೋಡಿಲ್ಲ ಎಂಬುದು ನನ್ನ ಆಕ್ಷೇಪ. ಓದದೆ ತೀರ್ಪು ಕೊಡುವುದು ಯಾವ ವಿಮರ್ಶೆ?

ಇವರಿಬ್ಬರಿಗಿಂತಲೂ ಹೆಚ್ಚು ಅಪಾಯದ ಮಾತು ಇನ್ನೊಂದು ಕಡೆಯಿಂದ, ರೀಕಾಲ್ ಪರವಾದವರಿಂದ ಬರುತ್ತದೆ: "ಇದು ಬಡವರ ಪುಸ್ತಕ. ಆ್ಯಪ್‌ಗಳಿಗೆ ಸಾವಿರಾರು ರೂಪಾಯಿ ಕಟ್ಟಲಾಗದವರಿಗೆ ಮುನ್ನೂರು ರೂಪಾಯಿಯ ಜೆರಾಕ್ಸೇ ಆಸರೆ." ಕೇಳಲು ಕಕ್ಕುಲಾತಿ ಇದೆ. ಆದರೆ ಬಡವರಿಗೆ ಮುರುಕು ಪದಾರ್ಥವನ್ನು ಕಡಿಮೆ ಬೆಲೆಗೆ ಮಾರುವುದನ್ನು ನಾವು ಬೇರೆ ಯಾವ ಕಡೆಯೂ ಉಪಕಾರ ಎಂದು ಕರೆಯುವುದಿಲ್ಲ. ಉಳ್ಳವರ ಮಗ ಒಂದು ಸರದಿ ತಪ್ಪಿದರೆ ಇನ್ನಾರು ತಿಂಗಳು ಬೆಂಗಳೂರಿನ ಪಿಜಿಯಲ್ಲಿ ಇದ್ದು ಓದುತ್ತಾನೆ. ಸಾಲ ಮಾಡಿ ಕಳಿಸಿದ ಮನೆಯಲ್ಲಿ ಆರು ತಿಂಗಳೆಂದರೆ ಎಷ್ಟು ಬೆಳೆ ಹುಳು, ಎಷ್ಟು ಬಡ್ಡಿ ಎಂಬ ಲೆಕ್ಕ. ಒಂದು ತಪ್ಪು ಸಾಲಿಗೆ ಹೆಚ್ಚು ದಂಡ ಕಟ್ಟುವವರು ಬಡವರೇ. ಅವರಿಗೆ ಬೇಕಾದ್ದು ಕಡಿಮೆ ಪ್ರಶ್ನೆ, ಆದರೆ ಪೂರ್ತಿ ಪ್ರಶ್ನೆ. ನಾಲ್ಕು ಆಯ್ಕೆ ಮತ್ತು ವಿವರಣೆ ಇರುವ ಹಳೆಯದೊಂದು ಪುಸ್ತಕ ಸೀನಿಯರ್ ಹತ್ತಿರ ಸಿಕ್ಕರೂ ಇನ್ನೂರು ಪುಟದ ಕಟ್ಟಿಗಿಂತ ಮೇಲು.

ಅಕ್ಕನ ಮನೆಯಲ್ಲಿ ಆ ದಿನಗಳಲ್ಲಿ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ವಾರಕ್ಕೆ ಬಂದಿತ್ತು. ರೇಷ್ಮೆ ಕಂಡವರಿಗೆ ಗೊತ್ತು, ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಅಕ್ಕ ಧೂಳು ಬಿದ್ದ ಸೊಪ್ಪನ್ನು ಬೇರೆ ಮಾಡುತ್ತಾ, "ಈಗ ಸೊಪ್ಪು ಕೆಟ್ರೆ ಗೂಡು ಕೆಟ್ಟಂಗೇ" ಅಂದಳು. ಮಗಳು ತಲೆಯೆತ್ತಿ ನನ್ನ ಮುಖ ನೋಡಿದಳು. ಮಾರನೆಯ ದಿನದಿಂದ ನಾವು ಬೇರೆ ಥರ ಶುರು ಮಾಡಿದೆವು.

ಬೆಳಿಗ್ಗೆ ಐವತ್ತು ಪ್ರಶ್ನೆ, ಗಡಿಯಾರ ಇಟ್ಟುಕೊಂಡು, ಎಲ್ಲ ವಿಷಯ ಕಲಸಿ, ಹಿಂದೆ ನೋಡಿರದವು. ವಿಷಯಗಳ ಪಾಲು ಪರೀಕ್ಷೆಯ ಪಾಲಿನಂತೆಯೇ: ಮೆಡಿಸಿನ್‌ಗೆ 33, ಸರ್ಜರಿಗೆ 32, ಹೆರಿಗೆ ಮತ್ತು ಸ್ತ್ರೀರೋಗಕ್ಕೆ 30, ಪಿಎಸ್‌ಎಂಗೆ 30 ಅಂಕ ಇರುವಾಗ, ತಲಾ 5 ಅಂಕದ ವಿಷಯಗಳಲ್ಲಿ ವಾರ ಕಳೆಯುವುದು ಬೇಡವೆಂದು ತೀರ್ಮಾನಿಸಿದೆವು. ಪಿಎಸ್‌ಎಂ ಒಣ ವಿಷಯ ಎಂದು ಎಲ್ಲರೂ ಕೊನೆಗೆ ತಳ್ಳುತ್ತಾರೆ. ಕಣ್ಣು ಮತ್ತು ಕಿವಿ-ಮೂಗು-ಗಂಟಲು ಸೇರಿಸಿದರೆ ಎಷ್ಟೋ ಅಷ್ಟು ಅಂಕ ಅದಕ್ಕಿದೆ.

ಮಧ್ಯಾಹ್ನ ತಪ್ಪಾದವು. ಅವುಗಳ ಜೊತೆಗೆ ಊಹಿಸಿ ಸರಿಯಾದವು. ಇವನ್ನು ಎಲ್ಲರೂ ಸರಿ ಎಂದು ಬಿಟ್ಟುಬಿಡುತ್ತಾರೆ, ಇವೇ ಮುಂದೆ ಕೈಕೊಡುವವು. ಹತ್ತೊಂಬತ್ತು ವಿಷಯಗಳ ನೋಟ್ಸಿನ ಆಚೆಗೆ ಇಪ್ಪತ್ತನೆಯ ನೋಟ್‌ಬುಕ್ ಎಂದು ಒಂದನ್ನು ಇಡುವ ರೂಢಿ ಈ ಮಕ್ಕಳಲ್ಲಿದೆ. ಬೇಗ ಮರೆಯುವಂಥವನ್ನು, ತಪ್ಪಾದವನ್ನು ಅದರಲ್ಲಿ ಬರೆದುಕೊಳ್ಳುತ್ತಾರೆ. ರೀಕಾಲಿಗೆ ಸಿಕ್ಕ ಕೀರ್ತಿಯಲ್ಲಿ ಕಾಲುಭಾಗವಾದರೂ ಈ ನೋಟ್‌ಬುಕ್ಕಿಗೆ ಸಿಗಬೇಕಿತ್ತು. ಒಂದೇ ಒಂದು ಬದಲಾವಣೆ ಮಾಡಿಸಿದೆ: ಸರಿಯುತ್ತರವನ್ನು ಮಾತ್ರ ಬರೆಯಬೇಡ, ಪ್ರತಿ ತಪ್ಪು ಆಯ್ಕೆಯ ಮುಂದೆ "ಇದು ಯಾವ ಪ್ರಶ್ನೆಗೆ ಉತ್ತರ?" ಎಂದು ಬರಿ.

ಒಂದು ಉದಾಹರಣೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದವನು ಬೆವರಿ, ಜೊಲ್ಲು ಸುರಿಸುತ್ತಾ, ಕಣ್ಣಿನ ಪಾಪೆ ಸೂಜಿಮೊನೆಯಾಗಿ, ನಾಡಿ ನಿಧಾನವಾಗಿ ಬಂದಿದ್ದಾನೆ. ಮೊದಲು ಏನು ಕೊಡಬೇಕು? ಆಯ್ಕೆಗಳು: ಅಟ್ರೋಪಿನ್, ಪ್ರಾಲಿಡಾಕ್ಸಿಮ್, ನಿಯೋಸ್ಟಿಗ್ಮಿನ್, ನಲೋಕ್ಸೋನ್. ಉತ್ತರ ಅಟ್ರೋಪಿನ್ ಎಂದು ರೀಕಾಲ್ ಒಂದು ಪದದಲ್ಲಿ ಹೇಳಿ ಮುಗಿಸುತ್ತದೆ. ನಮ್ಮ ಮಧ್ಯಾಹ್ನ ಆಮೇಲೆ ಶುರುವಾಯಿತು. ಪ್ರಾಲಿಡಾಕ್ಸಿಮ್ ಯಾವ ಪ್ರಶ್ನೆಗೆ ಉತ್ತರ? ಇದೇ ರೋಗಿಯ ಸ್ನಾಯುಗಳ ನಿಶ್ಶಕ್ತಿಗೆ ಏನು, ಕಿಣ್ವವನ್ನು ಮತ್ತೆ ಎಬ್ಬಿಸುವುದು ಯಾವುದು ಎಂದಿದ್ದರೆ. ನಲೋಕ್ಸೋನ್? ಪಾಪೆ ಇಷ್ಟೇ ಕಿರಿದಾಗಿ, ಆದರೆ ಬೆವರು ಜೊಲ್ಲು ಇಲ್ಲದೆ ಉಸಿರು ಕುಂದಿದ್ದರೆ, ಅಫೀಮಿನ ಜಾತಿ. ನಿಯೋಸ್ಟಿಗ್ಮಿನ್? ಈ ರೋಗಿಗೆ ಅದನ್ನು ಕೊಟ್ಟರೆ ಬೆಂಕಿಗೆ ಎಣ್ಣೆ. ಆದರೆ ಅದೇ ತೋಟದಲ್ಲಿ ನಾಗರ ಕಚ್ಚಿ ರೆಪ್ಪೆ ಜೋತುಬಿದ್ದು ಬಂದವನಿಗೆ, ವಿಷಹರದ ಜೊತೆಗೆ, ಅಟ್ರೋಪಿನ್ ಸಮೇತ ಅದೇ ಮದ್ದು. ಕಟ್ಟುಹಾವಿನ ಕಡಿತದಲ್ಲಿ ಅದರಿಂದ ಅಷ್ಟು ಪ್ರಯೋಜನವಿಲ್ಲ, ಏಕೆಂದು ಕೇಳಿದೆ. ನರದ ತುದಿಯೇ ಕೆಟ್ಟಿರುತ್ತದೆ ಮಾಮ, ಅಸಿಟೈಲ್‌ಕೋಲಿನ್ ಹೊರಗೆ ಬಂದರೆ ತಾನೇ ಉಳಿಸೋದು, ಅಂದಳು. ಒಂದು ಪ್ರಶ್ನೆ ಐದಾಯಿತು. ಆ ರೋಗಿಗಳೆಲ್ಲರೂ ನಾಳೆ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯ ಬಾಗಿಲಿಗೆ ಬರಬಹುದಾದವರೇ.

ಈ ವಿಧಾನ ನಿಧಾನ. ದಿನಕ್ಕೆ ಇನ್ನೂರು ಮುನ್ನೂರು ಮುಗಿಸಿದೆ ಎನ್ನುವ ಗೆಳತಿಯರ ಮುಂದೆ ಅವಳಿಗೆ ಹೆದರಿಕೆಯಾದ ಸಂಜೆಗಳಿದ್ದವು. ಹತ್ತು ದಿನಕ್ಕೊಂದರಂತೆ ಪೂರ್ತಿ ಜಿಟಿ, ಅಂದರೆ ಅಣಕು ಪರೀಕ್ಷೆ, ಬರೆದಾಗ, ಎರಡು ಆಯ್ಕೆಗೆ ಇಳಿಸಿದ ಮೇಲೆ ತಪ್ಪಾದವು ಎಷ್ಟು, ನಾಲ್ಕರಲ್ಲೂ ಕುರುಡಾದವು ಎಷ್ಟು ಎಂದು ಮಾತ್ರ ಎಣಿಸುತ್ತಿದ್ದೆವು. ಎರಡನೆಯದು ಕಡಿಮೆಯಾಗುತ್ತಾ ಬಂತು. ಅವಳು ಆ 6,707 ಜನರಲ್ಲಿ ಇದ್ದಾಳೋ ಇಲ್ಲವೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬಳ ಫಲಿತಾಂಶ ಯಾವ ವಿಧಾನದ ಪರವಾಗಿಯೂ ಸಾಕ್ಷಿಯಾಗದು.

ಕೊನೆಯ ಎರಡು ದಿನ ಹೊಸ ಪ್ರಶ್ನೆ ಮುಟ್ಟಲಿಲ್ಲ, ಇಪ್ಪತ್ತನೆಯ ನೋಟ್‌ಬುಕ್ ಒಂದೇ. ಬೆಂಗಳೂರಿನ ಬಸ್ಸಿಗೆ ಹೊರಡುವ ಮುಂಚೆ ಅದರ ಕೊನೆಯ ಹಾಳೆಯನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ಅದು ಎಲ್ಲಿಂದಲೂ ನಕಲು ಮಾಡಿದ್ದಲ್ಲ, ಅವಳೇ ಬರೆದ ಪ್ರಶ್ನೆ. ಸುಗಟೂರು ಹೋಬಳಿಯ ಒಂದು ಹಳ್ಳಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.5 ಮಿಲಿಗ್ರಾಂ. ಮದುವೆಯಾಗಿ ಐದು ವರ್ಷದ ಹಿಂದೆ ಈ ಊರಿಗೆ ಬಂದ 24 ವರ್ಷದ ಹೆಂಗಸಿನ ಮುಂಬಲ್ಲುಗಳಲ್ಲಿ ಕಂದು ಪಟ್ಟೆ. ಕಾರಣ ಹುಡುಕಲು ಯಾವ ನೀರನ್ನು ಪರೀಕ್ಷೆಗೆ ಕಳಿಸುತ್ತೀರಿ? ಕೆಳಗೆ ನಾಲ್ಕು ಆಯ್ಕೆ: ಬೋರ್‌ವೆಲ್ಲಿನದು, ಶುದ್ಧ ನೀರಿನ ಘಟಕದ್ದು, ಊರ ಕೆರೆಯದು, ಅವಳ ತವರಿನದು.

"ಹೇಳು ಮಾಮ" ಅಂದಳು. ನಾನು ಬೋರ್‌ವೆಲ್ ಮೇಲೆ ಬೆರಳಿಟ್ಟೆ. ಅವಳು ನನ್ನ ಬೆರಳು ಹಿಡಿದು ನಾಲ್ಕನೆಯದರ ಮೇಲೆ ಇಟ್ಟಳು.